ಕಿಡಿ ನೋಡಿ ರೋಗ ಹೇಳುವ ವೈದ್ಯರು

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಬೋಧಿಸಿ ನಿವೃತ್ತನಾದವನು ನಾನು. ಅದೇ ಮೂರು ಊರುಗಳಲ್ಲಿ ನನ್ನ ಹಳೆಯ ಕಾರು ಒಂದೇ ವರ್ಷದೊಳಗೆ ನನಗೆ ಪಾಠ ಹೇಳಿತು. ಅದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಆ ಸಿಟ್ಟಿನಲ್ಲಿ ನನಗೂ ಒಂದು ಪಾಲಿದೆ.

ಆಳಂದದಲ್ಲಿ ಒಂದು ಮುಂಜಾನೆ ಕೀಲಿ ತಿರುವಿದರೆ ಸೆಲ್ಫ್ ಮೋಟಾರು ‘ಟಿಕ್ ಟಿಕ್’ ಎಂದಿತೇ ಹೊರತು ತಿರುಗಲಿಲ್ಲ. ಕರೆಸಿದ ಮೆಕ್ಯಾನಿಕ್ ಬ್ಯಾಟರಿಯ ಎರಡೂ ತುದಿಗಳಿಗೆ ತಂತಿ ತಾಗಿಸಿ ಕಿಡಿ ನೋಡಿದ. “ಬ್ಯಾಟರಿ ಹೋಗ್ಯಾದ್ರಿ ಸರ, ಹೊಸದು ಹಾಕಸ್ರಿ” ಎಂದ. ಹಾಕಿಸಿದೆ. ಕಾರು ಹೊರಟಿತು, ರೋಗ ಹಿಡಿದುಬಿಟ್ಟೆವೆಂದು ಇಬ್ಬರೂ ಭಾವಿಸಿದೆವು.

ಐದು ತಿಂಗಳ ನಂತರ ಹುಣ್ಣಿಮೆಗೆ ದೇವಲ ಗಾಣಗಾಪುರದ ದರ್ಶನ ಮುಗಿಸಿ ಅಫಜಲಪುರದ ಬೀಗರ ಮನೆಗೆ ಬಂದಾಗ ಮತ್ತೆ ಅದೇ ಟಿಕ್ ಟಿಕ್. ಅಲ್ಲಿಯ ಮೆಕ್ಯಾನಿಕ್ ನಾಲ್ಕು ಜನರಿಂದ ನೂಕಿಸಿ ಕಾರು ಚಾಲೂ ಮಾಡಿದ. ಓಡುತ್ತಿರುವ ಎಂಜಿನ್ನಿನಲ್ಲೇ ಬ್ಯಾಟರಿಯ ಟರ್ಮಿನಲ್ ಕಿತ್ತ. ಎಂಜಿನ್ ನಿಲ್ಲಲಿಲ್ಲ. “ನೋಡ್ರಿ, ಆಲ್ಟರ್ನೇಟರ್ ಛಲೋ ಅದ. ಹೊಸ ಬ್ಯಾಟರಿನೇ ಖರಾಬ್ ಬಂದದ” ಎಂಬುದು ಅವನ ತೀರ್ಪು. ಅಂದಿನಿಂದ ಮುಂದಿನ ಫಲಕದ ಬ್ಯಾಟರಿ ದೀಪ ಮಂದವಾಗಿ ಉರಿಯತೊಡಗಿತು. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹತ್ತು ದಿನಗಳ ಮೇಲೆ, ಜೇವರ್ಗಿಯಲ್ಲಿ, ನಡುರಾತ್ರಿ ನನ್ನಾಕೆಗೆ ಎದೆನೋವು ಬಂತು. ಕಾರು ಮಿಸುಕಲಿಲ್ಲ. ನೆರೆಮನೆಯವರ ಆಟೋದಲ್ಲಿ ಭೀಮಾ ಸೇತುವೆ ದಾಟಿ ಕಲಬುರಗಿ ಮುಟ್ಟುವವರೆಗೆ ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ. ಆಕೆ ಉಳಿದಳು, ಅದಕ್ಕಾಗಿಯೇ ಇಷ್ಟು ಸಮಾಧಾನದಿಂದ ಬರೆಯಲು ಸಾಧ್ಯವಾಗಿದೆ.

ಕಾರನ್ನು ಸರಿಪಡಿಸಿದವನು ನನ್ನ ಹಳೆಯ ಶಿಷ್ಯ. ಅವನು ಮೊದಲು ಹೊರತೆಗೆದದ್ದು ಪಾನಾ ಅಲ್ಲ, ಮಲ್ಟಿಮೀಟರು. ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜಿಗೆ ಇಟ್ಟು, ಬೆಳಿಗ್ಗೆ ಸುಮ್ಮನಿದ್ದಾಗ ಅಳೆದರೆ 12.6 ವೋಲ್ಟ್: ನಿರೋಗಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ, ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೆ ಹಿಡಿದು ಕೀಲಿ ತಿರುವಲು ಹೇಳಿದ. ಅರ್ಧ ವೋಲ್ಟನ್ನೂ ಮೀರಬಾರದ ಜಾಗದಲ್ಲಿ 3 ವೋಲ್ಟ್! ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ಪಟ್ಟಿ ಕಿಲುಬು ಹಿಡಿದು ಕುಳಿತಿತ್ತು. ಸೆಲ್ಫ್ ಮೋಟಾರು ಎಳೆಯುವುದು ಸುಮಾರು 150 ಆಂಪಿಯರ್; ಕಿಲುಬಿನ ರೋಧ ಬರೀ 0.02 ಓಮ್ ಇದ್ದರೂ ಗುಣಿಸಿ ನೋಡಿ, 3 ವೋಲ್ಟ್ ಅಲ್ಲಿಯೇ ನಷ್ಟ. ಈ ಲೆಕ್ಕವನ್ನು ನಾನು ಎಷ್ಟು ಸಲ ಕರಿಹಲಗೆಯ ಮೇಲೆ ಬಿಡಿಸಿದ್ದೇನೋ!

ಇನ್ನು ಆಲ್ಟರ್ನೇಟರು. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಸುಮಾರು 14 ವೋಲ್ಟ್ ಕಾಣಬೇಕು; ಕಂಡದ್ದು 12.2. ಡೈನಮೊ ಇದ್ದ ಹಳೆಯ ಜೀಪುಗಳ ಕಾಲದಲ್ಲಿ ಟರ್ಮಿನಲ್ ಕಿತ್ತು ನೋಡುವ ಪದ್ಧತಿ ಹೇಗೋ ನಡೆದುಹೋಗುತ್ತಿತ್ತು. ಆಲ್ಟರ್ನೇಟರಿಗೆ ಬ್ಯಾಟರಿಯೇ ಮೆತ್ತೆ. ಓಡುವಾಗ ಅದನ್ನು ಕಿತ್ತರೆ ವೋಲ್ಟೇಜ್ ಒಮ್ಮೆಲೇ ಹಲವು ಪಟ್ಟು ಜಿಗಿದು ಒಳಗಿನ ಡಯೋಡುಗಳನ್ನೂ ರೆಗ್ಯುಲೇಟರನ್ನೂ ಸುಡಬಲ್ಲುದು. ಈಗಿನ ಕಾರುಗಳಲ್ಲಿ ಎಂಜಿನ್ನನ್ನು ಆಳುವ ಗಣಕವೇ ಬಲಿಯಾದೀತು. ಪರೀಕ್ಷೆಯೇ ರೋಗಿಯನ್ನು ಕೊಲ್ಲುವುದೆಂದರೆ ಇದು. ಕಿಡಿ ನೋಡುವುದೂ ಅಷ್ಟೇ ಅವಿವೇಕ: ಚಾರ್ಜಾದ ಬ್ಯಾಟರಿಯಿಂದ ಹೊರಬರುವ ಜಲಜನಕಕ್ಕೆ ಅಷ್ಟು ಕಿಡಿಯೇ ಸಾಕು, ಆಮ್ಲ ಮುಖಕ್ಕೆ ಸಿಡಿಯುತ್ತದೆ.

ನಮ್ಮ ಬಿಸಿಲಿನಲ್ಲಿ ಬ್ಯಾಟರಿಗಳು ಬೇಗ ಸಾಯುವುದು ನಿಜ. ಉಷ್ಣ ಹೆಚ್ಚಿದಷ್ಟೂ ಒಳಗಿನ ಫಲಕಗಳ ಸವೆತ ಹೆಚ್ಚು. ಕಲಬುರಗಿಯ ಮೇ ತಿಂಗಳನ್ನು ಬಲ್ಲವರಿಗೆ ವಿವರಣೆ ಬೇಡ. ಆದ್ದರಿಂದ ಮೆಕ್ಯಾನಿಕ್ಕಿನ ಊಹೆ ಹಲವು ಸಲ ನಿಜವಾಗುತ್ತದೆ, ಆ ನಿಜವೇ ಅವನನ್ನು ಸೋಮಾರಿಯಾಗಿಸುತ್ತದೆ. ಊಹೆ ತಪ್ಪಿದಾಗ ದಂಡ ತೆರುವವನು ಮಾತ್ರ ಗಿರಾಕಿ. ‘ಗಿರಾಕಿಗೆ ಪುರಸೊತ್ತಿಲ್ಲ’ ಎನ್ನುವರು. ನನ್ನ ಶಿಷ್ಯನ ಅಳತೆಗೆ ಹಿಡಿದದ್ದು ಹತ್ತು ನಿಮಿಷ. ‘ಮೀಟರಿಗೆ ದುಡ್ಡೆಲ್ಲಿ’ ಎನ್ನುವರು. ಕೆಲವೇ ನೂರು ರೂಪಾಯಿಗೆ ಸಿಗುವ ಸಾಧನವಿಲ್ಲದೆ ಸಾವಿರಾರು ರೂಪಾಯಿಯ ಬ್ಯಾಟರಿ ಮಾರುವ ಅಂಗಡಿಯವನ ಬಡತನವನ್ನು ನಾನು ನಂಬುವುದಿಲ್ಲ.

ಆ ಶಿಷ್ಯನ ಬೆನ್ನು ತಟ್ಟಿ, “ಓಮನ ನಿಯಮ ಮರೆತಿಲ್ಲವಲ್ಲ!” ಎಂದು ಹಿಗ್ಗಿದೆ. ಅವನು ತಲೆ ತಗ್ಗಿಸಿ, “ಬ್ಯಾಸರ ಮಾಡ್ಕೋಬ್ಯಾಡ್ರಿ ಸರ, ನಿಮ್ಮ ಕ್ಲಾಸಿನ್ಯಾಗ ಬಾಯಿಪಾಠ ಮಾಡಿದ್ದೆ ಅಷ್ಟೇ. ಮೀಟರ್ ಕೈಯಾಗ ಹಿಡದದ್ದು ಪುಣೆಕ್ಕ ದುಡಿಲಾಕ ಹೋದ ಮ್ಯಾಲೆ” ಎಂದ. ನಮ್ಮ ಪ್ರಯೋಗಾಲಯದ ವೋಲ್ಟ್‌ಮೀಟರು ಗಾಜಿನ ಕಪಾಟಿನಲ್ಲಿತ್ತು. ಒಡೆದರೆ ನನ್ನ ಸಂಬಳದಿಂದ ಕಡಿತವಾದೀತೆಂದು ಕೀಲಿಯನ್ನು ನಾನೇ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದೆ.