ಅಂಗಡಿ ಬಾಡಿಗೆಯದಾದರೂ ಹೆಸರು ನಮ್ಮದಿರಲಿ

ಮನೆಯಲ್ಲೇ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವವರಿಗಾಗಲಿ, ಊಟದ ಮೆಸ್ಸು ನಡೆಸುವವರಿಗಾಗಲಿ ಸ್ವಂತ ಜಾಲತಾಣ ಇಂದು ದುಬಾರಿಯ ಮಾತಲ್ಲ. ವಿಕ್ಸ್, ಸ್ಕ್ವೇರ್‌ಸ್ಪೇಸ್‌ನಂತಹ ಸೇವೆಗಳಲ್ಲಿ ಸಿದ್ಧ ವಿನ್ಯಾಸವೊಂದನ್ನು ಆರಿಸಿ, ಚಿತ್ರಗಳನ್ನು ಎಳೆದು ಬೇಕಾದಲ್ಲಿ ಕೂರಿಸಿ, ನಾಲ್ಕು ಸಾಲು ಬರೆದರೆ ಒಂದು ಸಂಜೆಯಲ್ಲಿ ಪುಟ ಸಿದ್ಧವಾಗುತ್ತದೆ. ಇದು ನಿಜವಾದ ಜಾಲತಾಣವೇ ಅಲ್ಲ ಎಂದು ಮೂಗುಮುರಿಯುವ ತಂತ್ರಜ್ಞರ ಮಾತನ್ನು ನಾನು ಒಪ್ಪುವುದಿಲ್ಲ. ಹೋಳಿಗೆ ಕೊಳ್ಳಬಂದವರಿಗೆ ಬೇಕಾದುದು ಬೆಲೆ, ವಿಳಾಸ, ಫೋನ್ ಸಂಖ್ಯೆ. ಪುಟವನ್ನು ಯಾರು, ಹೇಗೆ ಹೆಣೆದರೆಂಬ ವಿವರವಲ್ಲ.

ಆದರೆ ಹೀಗೆ ಕಟ್ಟಿದ್ದು ಬಾಡಿಗೆಯ ಮಳಿಗೆ ಎಂಬುದನ್ನು ಮರೆಯಬಾರದು. ಮುಂಬಯಿಯಲ್ಲಿ ಬಾಡಿಗೆ ಮಳಿಗೆಯನ್ನು ತೆರವು ಮಾಡುವವನು ಕಪಾಟು, ತಕ್ಕಡಿ, ನಾಮಫಲಕಗಳನ್ನಾದರೂ ಹೊತ್ತು ಪಕ್ಕದ ಗಲ್ಲಿಗೆ ಹೋಗಬಲ್ಲ. ಇಲ್ಲಿ ಅಷ್ಟೂ ಸಾಧ್ಯವಿಲ್ಲ. ವಿಕ್ಸ್‌ನಲ್ಲಿ ಕಟ್ಟಿದ ತಾಣವನ್ನು ಇದ್ದ ಹಾಗೆಯೇ ಎತ್ತಿ ಮತ್ತೊಂದು ಸಂಸ್ಥೆಯಲ್ಲಿ ಇರಿಸಲಾಗದು, ಹೊಸದಾಗಿಯೇ ಕಟ್ಟಬೇಕು.

ಮಳಿಗೆಯ ಮಾಲೀಕನೇ ಬಾಗಿಲು ಹಾಕಿದರೆ? ಸಣ್ಣ ವ್ಯಾಪಾರಿಗಳು ಉಚಿತವಾಗಿ ಪುಟ ಕಟ್ಟಿಕೊಳ್ಳುವ ಸೌಲಭ್ಯವನ್ನು ಗೂಗಲ್ 2017ರಲ್ಲಿ ಆರಂಭಿಸಿತ್ತು. 2024ರ ಮಾರ್ಚ್‌ನಲ್ಲಿ ಆ ಪುಟಗಳನ್ನೆಲ್ಲ ಅದು ಮುಚ್ಚಿತು. ಹಳೆಯ ವಿಳಾಸಕ್ಕೆ ಬಂದವರನ್ನು ಅಂಗಡಿಯ ಗೂಗಲ್ ವಿವರಕ್ಕೆ ದಾಟಿಸುವ ಏರ್ಪಾಡೂ ಆ ವರ್ಷದ ಜೂನ್‌ನಲ್ಲಿ ಕೊನೆಗೊಂಡಿತು. ಗೂಗಲ್ ಕೊಟ್ಟ ಉಚಿತ ವಿಳಾಸವನ್ನೇ ಬಿಲ್ಲಿನ ಮೇಲೂ ಡಬ್ಬಿಯ ಮೇಲೂ ಅಚ್ಚು ಹಾಕಿಸಿದ್ದವರ ಪಾಲಿಗೆ ಆ ಅಚ್ಚು ವ್ಯರ್ಥವಾಯಿತು. ಸ್ವಂತ ಡೊಮೇನ್ ಹೆಸರು ಕೊಂಡಿದ್ದವರು ಅದೇ ಹೆಸರನ್ನು ಹೊಸ ಪುಟಕ್ಕೆ ಜೋಡಿಸಿ ಮುಂದುವರಿಯಬಹುದಿತ್ತು.

ಆದ್ದರಿಂದ ವಿನ್ಯಾಸ ಆರಿಸುವ ಮೊದಲು ಹೆಸರು ಕೊಳ್ಳುವುದು ವಿವೇಕ. ವರ್ಷಕ್ಕೊಮ್ಮೆ ನವೀಕರಿಸುವ ಖರ್ಚು ಸಣ್ಣ ವ್ಯಾಪಾರಕ್ಕೂ ಹೊರೆಯಲ್ಲ. ಪುಟ ಕಟ್ಟಿಕೊಡುವ ಸಂಸ್ಥೆಯಿಂದಲ್ಲದೆ ಬೇರೆ ನೋಂದಣಿದಾರರಿಂದ ಕೊಂಡರೆ ಇನ್ನೂ ಒಳಿತು. ಅದಕ್ಕಿಂತ ಮುಖ್ಯವಾದುದು, ನೋಂದಣಿ ವ್ಯಾಪಾರಿಯ ಸ್ವಂತ ಇಮೇಲ್ ಮತ್ತು ಫೋನ್ ಸಂಖ್ಯೆಯಲ್ಲೇ ಇರಬೇಕು. ನಮ್ಮವರಲ್ಲಿ ಈ ಕೆಲಸ ಸಾಮಾನ್ಯವಾಗಿ ಅಕ್ಕನ ಮಗನಿಗೋ ನೆರೆಮನೆಯ ಹುಡುಗಿಗೋ ಬೀಳುತ್ತದೆ. ಅವರು ಪ್ರೀತಿಯಿಂದ, ತಮ್ಮದೇ ಖಾತೆಯಲ್ಲಿ, ಮಾಡಿಕೊಡುತ್ತಾರೆ. ಮುಂದೆ ಅವರು ಉದ್ಯೋಗ ಹಿಡಿದು ದೂರ ಹೋದಾಗ ಪಾಸ್‌ವರ್ಡೂ ಅವರೊಡನೆ ಹೋಗುತ್ತದೆ. ನವೀಕರಣದ ಸೂಚನೆ ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಬಂದು ಬೀಳುತ್ತದೆ.

ತಾಣಕ್ಕೆ ಬರೆದ ಮಾತುಗಳು, ತೆಗೆದ ಚಿತ್ರಗಳು, ದರಪಟ್ಟಿ ಇವುಗಳ ಒಂದೊಂದು ಪ್ರತಿ ಮನೆಯ ಕಂಪ್ಯೂಟರಿನಲ್ಲಿಯೂ ಇರಲಿ. ಆಗ ಸೇವೆ ನಿಂತರೂ, ಬಾಡಿಗೆ ಏರಿದರೂ ಇನ್ನೊಂದೆಡೆ ಪುಟ ಕಟ್ಟಲು ಮತ್ತೊಂದು ಸಂಜೆ ಸಾಕು. ಗಿರಾಕಿಗಳು ವರ್ಷಗಳಿಂದ ನೆನಪಿಟ್ಟುಕೊಂಡ ಹೆಸರು ಕೈತಪ್ಪಿದರೆ ಅದನ್ನು ಒಂದು ಸಂಜೆಯಲ್ಲಿ ಮರಳಿ ಪಡೆಯಲಾಗದು.