ಊರಿನ ಹೆಸರು ಹೊತ್ತ ಮಗು

ಮಕ್ಕಳೇ, ನಿಮ್ಮ ತರಗತಿಯಲ್ಲಿ ಶ್ರೀಶೈಲ ಎಂಬ ಹುಡುಗ ಇದ್ದಾನೆಯೇ? ಸಂಗಮೇಶ? ಕಾಶೀನಾಥ? ನಮ್ಮ ನಿಡಗುಂದಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆಯ ಶಾಲೆಯಾದರೆ ಒಬ್ಬರಾದರೂ ಇದ್ದೇ ಇರುತ್ತಾರೆ. ಈ ವಾರ ಹೆಸರಿನ ಒಂದು ಕಥೆ ಹೇಳುತ್ತೇನೆ. ಅಜ್ಜ ಅಜ್ಜಿಯರೂ ಹತ್ತಿರ ಬಂದು ಕುಳಿತುಕೊಳ್ಳಲಿ, ಏಕೆಂದರೆ ಜಗಳ ಶುರುವಾದದ್ದೇ ಒಬ್ಬ ಅಜ್ಜನಿಂದ.

ನಿಡಗುಂದಿಯಲ್ಲಿ ನನಗೊಬ್ಬ ಹಳೆಯ ಗೆಳೆಯನಿದ್ದಾನೆ. ಕ್ರೈಸ್ತ ಮನೆತನ. ಹೋದ ತಿಂಗಳು ಅವನಿಗೆ ಮೊಮ್ಮಗ ಹುಟ್ಟಿದ. ಪೇಢೆ ಕೊಡಲು ಬಂದವನ ಮುಖ ಮಾತ್ರ ಹುಳ್ಳಗಿತ್ತು.

"ಏನಾತೋ?" ಅಂದೆ.

"ಮಗ, ಸೊಸಿ ಕೂಡಿ ಹುಡುಗಗ ಬೇತೇಲ್ ಅಂತ ಹೆಸರಿಡ್ತಾರಂತ. ಅದು ಮನುಷ್ಯಾರ ಹೆಸರಲ್ಲ, ಊರಿನ ಹೆಸರು. ಯೋಹಾನ ಇಲ್ಲೇನು? ದಾವೀದ ಇಲ್ಲೇನು? ಊರಿನ ಹೆಸರು ಯಾರರೆ ಕೂಸಿಗೆ ಇಡ್ತಾರೇನು?"

ನನಗೆ ನಗು ಬಂತು. "ನಿಮ್ಮ ಎದುರು ಮನಿಯಾಂವನ ಹೆಸರೇನು?" ಎಂದು ಕೇಳಿದೆ.

"ಶ್ರೀಶೈಲ" ಅಂದವನು ಅಲ್ಲೇ ನಿಂತುಬಿಟ್ಟ.

ಹೌದಲ್ಲ, ಶ್ರೀಶೈಲ ಎಂದರೆ ಊರು. ಯುಗಾದಿ ಹತ್ತಿರ ಬಂದರೆ ನಮ್ಮ ಭಾಗದ ಜನ ಕಂಬಿ ಹೊತ್ತು ನಡೆದುಕೊಂಡು ಹೋಗುವ ಆಂಧ್ರದ ಕ್ಷೇತ್ರ. ನಮ್ಮ ಪಕ್ಕದಲ್ಲಿ ಹರಿಯುವ ಕೃಷ್ಣೆಯೇ ಮುಂದೆ ಶ್ರೀಶೈಲದ ಬುಡದಲ್ಲೂ ಹರಿಯುತ್ತಾಳೆ. ಸಂಗಮೇಶ, ಸಂಗಪ್ಪ, ಸಂಗಮ್ಮ ಎಂಬ ಹೆಸರುಗಳಲ್ಲಿ ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮವಿದೆ. ಕಾಶಪ್ಪನಲ್ಲಿ ಕಾಶಿ ಇದೆ, ಹಂಪಣ್ಣನಲ್ಲಿ ಹಂಪಿ ಇದೆ.

ಇದರ ತಿರುವುಮುರುವೂ ಉಂಟು. ಬಾಗೇವಾಡಿ ತನ್ನ ಮುಂದೆ ಬಸವಣ್ಣನವರ ಹೆಸರು ಸೇರಿಸಿಕೊಂಡು ಬಸವನ ಬಾಗೇವಾಡಿ ಆಯಿತು. ನಮ್ಮ ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಅಡಿಗಲ್ಲು ಹಾಕಿದವರು ಲಾಲ್ ಬಹಾದ್ದೂರ್ ಶಾಸ್ತ್ರಿ. ಅಲ್ಲಿ ನಿಂತ ನೀರಿಗೆ ಈಗ ಅವರದೇ ಹೆಸರು. ಊರು ಮನುಷ್ಯನ ಹೆಸರು ಪಡೆಯುತ್ತದೆ, ಮನುಷ್ಯ ಊರಿನ ಹೆಸರು ಪಡೆಯುತ್ತಾನೆ. ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಹಳೆಯದು.

ಯುರೋಪಿನಲ್ಲಿಯೂ ಹೀಗೇ ನಡೆಯಿತು. ನೂರಾರು ವರ್ಷಗಳ ಹಿಂದೆ ಅಲ್ಲಿಯ ಯಾತ್ರಿಕರು ಯೊರ್ದನ್ ನದಿಯ ನೀರನ್ನು ಬುದ್ದಲಿಗಳಲ್ಲಿ ತುಂಬಿಕೊಂಡು ಊರಿಗೆ ತರುತ್ತಿದ್ದರು. ಮಕ್ಕಳ ದೀಕ್ಷಾಸ್ನಾನಕ್ಕೆ ಆ ನೀರು ಬಳಸಿ, ಮಗುವಿಗೂ ಜೋರ್ಡಾನ್ ಎಂದು ಕರೆದರಂತೆ. ನಮ್ಮ ಅಜ್ಜಿಯಂದಿರು ಕಾಶಿಯಿಂದ ಗಂಗೆಯ ತಾಮ್ರದ ಗಿಂಡಿ ತಂದು, ಮೊಮ್ಮಗಳಿಗೆ ಗಂಗವ್ವ ಎಂದು ಹೆಸರಿಟ್ಟ ಹಾಗೆ.

ಇನ್ನು ಬೇತೇಲ್ ಎಂದರೇನು? ಹೀಬ್ರೂ ಭಾಷೆಯಲ್ಲಿ 'ಬೇತ್' ಎಂದರೆ ಮನೆ, 'ಏಲ್' ಎಂದರೆ ದೇವರು. ದೇವರ ಮನೆ. (ಬೇತ್ಲೆಹೇಮ್ ಎಂದರೆ ರೊಟ್ಟಿಯ ಮನೆ. ಜೋಳದ ರೊಟ್ಟಿ ಬಡಿಯುವ ನಮ್ಮ ಎಲ್ಲ ಮನೆಗೂ ಒಪ್ಪುವ ಹೆಸರು!) ಅಣ್ಣನ ಸಿಟ್ಟಿಗೆ ಹೆದರಿ ಮನೆ ಬಿಟ್ಟು ಹೊರಟ ಯಾಕೋಬನಿಗೆ ದಾರಿಯಲ್ಲಿ ಕತ್ತಲಾಯಿತು. ಕಲ್ಲನ್ನೇ ತಲೆದಿಂಬು ಮಾಡಿ ಮಲಗಿದ. ಭೂಮಿಯಿಂದ ಆಕಾಶಕ್ಕೆ ಮುಟ್ಟುವ ಏಣಿ ಕನಸಿನಲ್ಲಿ ಕಂಡಿತು. ಬೆಳಿಗ್ಗೆ ಎದ್ದು ಆ ಕಲ್ಲನ್ನು ನೆಟ್ಟು, ಎಣ್ಣೆ ಹೊಯ್ದು, ಆ ಜಾಗಕ್ಕೆ ಬೇತೇಲ್ ಎಂದು ಹೆಸರಿಟ್ಟ. ಮನೆ ಬಿಟ್ಟವನಿಗೆ ಸಿಕ್ಕ ಮನೆ ಅದು. ಗೆಳೆಯನ ಮಗ, ಸೊಸೆ ಇಬ್ಬರೂ ದೂರದ ಪುಣೆಯಲ್ಲಿ ದುಡಿಯುವವರು. ಅವರಿಗೆ ಆ ಹೆಸರು ಏಕೆ ಹಿಡಿಸಿತೆಂದು ನನಗೆ ಅರ್ಥವಾಯಿತು.

ಗೆಳೆಯನಿಗೆ ಇನ್ನೊಂದು ಮಾತೂ ಹೇಳಿದೆ. ಉತ್ತಂಗಿ ಚೆನ್ನಪ್ಪನವರ ಹೆಸರು ಕೇಳಿದ್ದೀರಲ್ಲ? 1881ರಲ್ಲಿ ಹುಟ್ಟಿದ ಅವರು ಬಾಸೆಲ್ ಮಿಷನ್ನಿನ ಪಾದ್ರಿಗಳು. ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಅಚ್ಚು ಹಾಕಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಉತ್ತಂಗಿ ಎಂಬುದು ಹೂವಿನಹಡಗಲಿ ತಾಲ್ಲೂಕಿನ ಒಂದು ಊರು. ಆ ಪುಟ್ಟ ಊರನ್ನು ಕನ್ನಡ ನಾಡಿಗೆಲ್ಲ ಪರಿಚಯಿಸಿದ್ದು ಆ ಒಬ್ಬ ಮನುಷ್ಯನ ಹೆಸರು.

ಗೆಳೆಯ ಮೆತ್ತಗಾದ. ಆದರೆ ನನ್ನದೂ ಒಂದು ಅಳುಕು ಇತ್ತು. ಹೆಸರು ಬರೆಯುವುದಕ್ಕಿಂತ ಹೆಚ್ಚಾಗಿ ಕೂಗುವುದಕ್ಕೆ ಇರುವುದು. ಅದಕ್ಕೇ ಹೆಸರಿಡುವ ಮೊದಲು ಓಣಿಯಲ್ಲಿ ನಿಂತು ಒಮ್ಮೆ ಕೂಗಿ ನೋಡಬೇಕು ಎನ್ನುತ್ತಿದ್ದಳು ನಮ್ಮವ್ವ. ಇಬ್ಬರೂ ಅವನ ಮನೆಗೆ ಹೋದೆವು. ಅಂಗಳದಲ್ಲಿ ನಿಂತು ನಾನೇ ಕೂಗಿದೆ: "ಬೇತೇಲ್! ಏ ಬೇತೇಲ್!"

ಗೋಲಿ ಆಡುತ್ತಿದ್ದ ಹುಡುಗರು ತಿರುಗಿ ನೋಡಿದರು. ಒಬ್ಬ ಪೋರ ಕೇಳಿಯೇಬಿಟ್ಟ: "ಅಜ್ಜಾ, ಬೆತ್ತಲೆ ಯಾರದಾರ?" ಉಳಿದವರು ಬಿದ್ದು ಬಿದ್ದು ನಕ್ಕರು.

ಬಾಣಂತಿ ಕೋಣೆಯಲ್ಲಿ ಕುಳಿತಿದ್ದ ಸೊಸೆಯ ಮುಖ ಸಣ್ಣದಾಯಿತು. ಅರ್ಥ ಎಷ್ಟು ಚೆಂದವಿದ್ದರೂ, ಹತ್ತು ವರ್ಷ ಶಾಲೆಯಲ್ಲಿ ಆ ನಗುವನ್ನು ಕೇಳಬೇಕಾದವನು ತೊಟ್ಟಿಲಲ್ಲಿ ಮಲಗಿದ್ದ. ಅವನನ್ನು ಯಾರೂ ಕೇಳಿರಲಿಲ್ಲ. ಅಲ್ಲಿಯತನಕ ಬೇತೇಲ್ ಪರವಾಗಿ ವಾದಿಸಿದ ನಾನೂ ಸುಮ್ಮನಾದೆ.

ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಅಂದಳು, "ಹಂಗಾದ್ರ ಶೀಲೋ?"

ಶೀಲೋ ಕೂಡ ಬೈಬಲ್ಲಿನ ಊರೇ. ಯೆರೂಸಲೇಮಿಗೂ ಮೊದಲು ಜನ ಜಾತ್ರೆಗೆ, ಹರಕೆಗೆ ಹೋಗುತ್ತಿದ್ದ ಜಾಗ. ಹನ್ನ ಎಂಬ ತಾಯಿ ಹರಕೆ ಹೊತ್ತು ಪಡೆದ ಮಗ ಸಮುವೇಲನನ್ನು ಅಲ್ಲಿಯ ಗುಡಿಯ ಸೇವೆಗೆ ಬಿಟ್ಟಳು. ವರ್ಷಕ್ಕೊಮ್ಮೆ ಅವನಿಗೊಂದು ಪುಟ್ಟ ಅಂಗಿ ಹೊಲಿದು ಒಯ್ಯುತ್ತಿದ್ದಳು. ಒಂದು ರಾತ್ರಿ ಮಲಗಿದ್ದ ಹುಡುಗನನ್ನು ಯಾರೋ ಹೆಸರು ಹಿಡಿದು ಕರೆದರು. ಮುದುಕ ಗುರು ಏಲಿ ಕರೆದನೆಂದು ಅವನು ಓಡಿ ಹೋದ. "ನಾನು ಕರೆದಿಲ್ಲ, ಮಲಗು" ಎಂದ ಏಲಿ. ಮೂರು ಸಲ ಹೀಗಾಯಿತು. ಮೂರನೆಯ ಸಲ ಏಲಿಗೆ ಹೊಳೆಯಿತು, ಕರೆಯುತ್ತಿರುವವನು ದೇವರು ಎಂದು. ಮುಂದೆ ಹೇಗೆ ಓಗೊಡಬೇಕೆಂದು ಹುಡುಗನಿಗೆ ಹೇಳಿಕೊಟ್ಟ. ಅಜ್ಜನಂಥ ಮುದುಕನೂ ಪುಟ್ಟ ಹುಡುಗನೂ ಕೂಡಿ ಒಂದು ಕರೆಯನ್ನು ಗುರುತಿಸಿದ ಊರು ಶೀಲೋ. ಕನ್ನಡದ ಕಿವಿಗೆ ಅದು 'ಶೀಲ'ದ ಹಾಗೆಯೇ ಕೇಳುತ್ತದೆ.

ಗೆಳೆಯ ಮತ್ತೆ ತಕರಾರು ತೆಗೆದ. "ಶೀಲೋ ಹಾಳಾಗಿ ಹೋದ ಊರು. ಬೈಬಲ್ಲಿನ್ಯಾಗ ಬರದೈತಿ. ಹಾಳೂರಿನ ಹೆಸರು ಕೂಸಿಗೆ ಯಾಕ?"

ಅಷ್ಟು ಹೊತ್ತು ಒಲೆಯ ಮುಂದಿದ್ದ ಅವನ ಹೆಂಡತಿ ಹೊರಗೆ ಬಂದಳು. "ನಿಮ್ಮ ಅಡ್ಡಹೆಸರು ಯಾವ ಊರಿಂದು?" ಎಂದಳು.

ಅವನು ಮಾತಾಡಲಿಲ್ಲ. ಅವನ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. ಮನೆ, ಬೇವಿನ ಕಟ್ಟೆ, ಅಪ್ಪನ ಸಮಾಧಿ ಎಲ್ಲವೂ ನೀರಿನಡಿ. ಪರಿಹಾರ ತೆಗೆದುಕೊಂಡು ನಿಡಗುಂದಿಗೆ ಬಂದಾಗ ಅವನು ಹೊತ್ತು ತಂದದ್ದು ನಾಲ್ಕು ತೊಲೆ, ಒಂದು ಬೀಸುವ ಕಲ್ಲು ಮತ್ತು ಹೆಸರಿನ ಹಿಂದಿನ ಆ ಊರು.

"ಇರ್ಲಿ, ಇಡ್ರಿ" ಎಂದು ಮೆಲ್ಲಗೆ ಹೇಳಿ ಅವನು ತೊಟ್ಟಿಲ ಹತ್ತಿರ ಹೋದ.

ಮೊನ್ನೆ ಭಾನುವಾರ ತೊಟ್ಟಿಲ ಕಾರ್ಯವಾಯಿತು. ಸೋದರತ್ತೆ ಮಗುವಿನ ಕಿವಿಯಲ್ಲಿ ಕುರ್‌ ಎಂದು ಹೆಸರು ಹೇಳಿದಳು. ನಮಗೆಲ್ಲ ಗುಗ್ಗರಿ ಸಿಕ್ಕಿತು. ಈಗ ಆ ಕೂಸಿನ ಹೆಸರಿನಲ್ಲಿ ಮುಂದೊಂದು ಹಾಳಾದ ಊರು, ಹಿಂದೊಂದು ಮುಳುಗಿದ ಊರು. ಆದರೆ ಅಂಗಳದಿಂದ ಕೂಗಿದರೆ ಯಾರೂ ನಗುವುದಿಲ್ಲ. ಅದೇ ಗೋಲಿ ಆಡುವ ಪೋರರನ್ನು ಕರೆದು ಪರೀಕ್ಷೆ ಮಾಡಿಸಿದ್ದೇವೆ!

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ಹೆಸರಿನಲ್ಲೋ ಅಡ್ಡಹೆಸರಿನಲ್ಲೋ ಯಾವ ಊರು, ಯಾವ ಹೊಳೆ ಅಡಗಿದೆ ಎಂದು ಅಜ್ಜ ಅಜ್ಜಿಯನ್ನು ಕೇಳಿರಿ. ಅಜ್ಜ ಅಜ್ಜಿಯರೇ, ನಿಮಗೂ ಒಂದು ಕೆಲಸ. ಮೊಮ್ಮಗು ಕೇಳಿದಾಗ ಊರಿನ ಹೆಸರಷ್ಟೇ ಹೇಳಿ ಸುಮ್ಮನಾಗಬೇಡಿರಿ. ಆ ಊರಿನ ಬಾವಿ ಎಲ್ಲಿತ್ತು, ಕಟ್ಟೆ ಎಲ್ಲಿತ್ತು ಎನ್ನುವುದನ್ನೂ ಹೇಳಿರಿ.