ಮನೆ ನೋಡಿದಿರಿ, ಬರೆ ನೋಡಿದಿರಾ?

ಮಡಿಕೇರಿ ಪೇಟೆಯ ವ್ಯಾಪಾರಿಯೊಬ್ಬರು ಮೊನ್ನೆ ನಮ್ಮ ಕಚೇರಿಗೆ ಬಂದಿದ್ದರು. ಮೂವತ್ತು ವರ್ಷ ಅಂಗಡಿಯ ಮಹಡಿ ಮೇಲೆಯೇ ಸಂಸಾರ ಮಾಡಿದವರು. ಈಗ ಮಂಡಿನೋವು, ಮೆಟ್ಟಿಲು ಹತ್ತೋಕಾಗಲ್ಲ. ಊರಾಚೆ ಕಣಿವೆಯ ಅಂಚಿನಲ್ಲಿ ಒಂದಂತಸ್ತಿನ ಮನೆ ಮಾರಾಟಕ್ಕಿದೆಯಂತೆ. "ಮೆಟ್ಟಿಲಿಲ್ಲ, ಮೇಲೆ ಭಾರವಿಲ್ಲ, ಬೀಳೋ ಭಯವೇ ಇಲ್ಲ ಅಂತಾನೆ ಬ್ರೋಕರು. ಮುಂಗಡ ಕೊಟ್ಟುಬಿಡಲಾ ಮಾರಾಯ್ರೆ?" ಎಂದರು.

ನಾವು ಕೇಳಿದ್ದು ಒಂದೇ ಮಾತು: "ಮನೆ ಹಿಂದಿನ ಬರೆ ಎಷ್ಟೆತ್ತರ ಇದೆ?"

ಅವರು ಸುಮ್ಮನಾದರು. ಕಾಂಪೌಂಡು, ಬಾವಿ, ಹಜಾರದ ಟೈಲ್ಸು, ಎದುರಿನ ಕಣಿವೆ ಎಲ್ಲ ನೋಡಿದ್ದಾರೆ. ಹಿತ್ತಲ ಬಾಗಿಲು ತೆರೆದು ನೋಡಿಲ್ಲ!

ಇದು ಅವರೊಬ್ಬರ ಕತೆಯಲ್ಲ. ಒಂದಂತಸ್ತು ಅಂದರೆ ಕ್ಷೇಮ ಎಂಬ ನಂಬಿಕೆ ನಮ್ಮಲ್ಲಿ ಬಹಳ ಮಂದಿಗಿದೆ. ಬಯಲುಸೀಮೆಯ ಲೆಕ್ಕ ಅದು, ಗುಡ್ಡದಲ್ಲಿ ನಡೆಯೋದಿಲ್ಲ. ವ್ಯಾಪಾರಿಗಳಿಗೆ ಲೆಕ್ಕದಲ್ಲೇ ಹೇಳೋಣ. 1,200 ಚದರಡಿ ಮನೆಯನ್ನು ಒಂದೇ ಅಂತಸ್ತಿನಲ್ಲಿ ಕಟ್ಟಬೇಕಾದರೆ 40 ಅಡಿ ಉದ್ದ, 30 ಅಡಿ ಅಗಲದ ಸಮತಟ್ಟು ಬೇಕು. ಎರಡಡಿಗೆ ಒಂದಡಿ ಏರುವ ಇಳಿಜಾರಿನಲ್ಲಿ ಅಷ್ಟು ಜಾಗ ಕಡಿದರೆ ಹಿಂದೆ 15 ಅಡಿಯ ಬರೆ ನಿಲ್ಲುತ್ತದೆ. ಅದೇ ಮನೆಯನ್ನು ಎರಡು ಅಂತಸ್ತು ಮಾಡಿದ್ದರೆ 15 ಅಡಿ ಅಗಲ ಸಾಕು, ಬರೆ ಏಳೂವರೆ ಅಡಿಗೆ ನಿಲ್ಲುತ್ತಿತ್ತು. ಮೆಟ್ಟಿಲು ಬೇಡ ಅಂದವರಿಗಾಗಿ ಗುಡ್ಡವನ್ನೇ ಕಡಿದಿರುತ್ತಾರೆ ಸ್ವಾಮಿ!

ಕಡಿಯೋದು ಬೇಡ ಅಂತ ಮುಂದುಗಡೆ ಮಣ್ಣು ತುಂಬಿಸಿ ತಟ್ಟು ಮಾಡುವವರೂ ಇದ್ದಾರೆ. ಆಗ ಅಡುಗೆಮನೆ ಗಟ್ಟಿ ನೆಲದ ಮೇಲೆ, ಹಜಾರ ಮಾತ್ರ ತುಂಬಿದ ಮಣ್ಣಿನ ಮೇಲೆ. ನಾಲ್ಕು ಮಳೆಗಾಲ ಕಳೆದರೆ ನಡುವೆ ಬಿರುಕು.

2018ರ ಆಗಸ್ಟ್ ತಿಂಗಳನ್ನು ಈ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಹಟ್ಟಿಹೊಳೆ, ಒಂದೊಂದು ಹೆಸರಿಗೂ ಒಂದೊಂದು ಗೋಳಿದೆ. ಮಡಿಕೇರಿ ಪಟ್ಟಣದೊಳಗೇ ಇಂದಿರಾನಗರ, ಚಾಮುಂಡೇಶ್ವರಿನಗರದ ಜನ ಮನೆ ಬಿಟ್ಟು ಓಡಿದರು. ಸಂಪಾಜೆ ರಸ್ತೆ ಬಂದ್ ಆಗಿ, ಮಂಗಳೂರು ಕಡೆ ಹೋಗುವ ಬಸ್ ಪ್ರಯಾಣಿಕರು ಸುತ್ತುದಾರಿ ಹಿಡಿದರು. ಆಗ ಬಂದು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು, ವಿಪರೀತ ಮಳೆಯ ಜೊತೆಗೆ, ಮನೆ, ಹೋಂಸ್ಟೇ, ರಸ್ತೆಗಳಿಗಾಗಿ ಇಳಿಜಾರನ್ನು ನೆಟ್ಟಗೆ ಕಡಿದದ್ದೂ ಕಾರಣ ಎಂದರು. ಬಿದ್ದದ್ದು ಮಳೆ ನಿಜ. ಆದರೆ ಬರೆ ಕಡಿದವರು ನಾವೇ ಅಲ್ಲವೇ?

ಹಾಗಾದರೆ ಕಣಿವೆಯ ತಳದಲ್ಲಿ, ತೋಡಿನ ಪಕ್ಕ ಸಮತಟ್ಟು ಜಾಗ ನೋಡೋಣವೇ? ಅದೂ ಹುಷಾರು. 2024ರ ಜುಲೈ 30ರಂದು ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಆದದ್ದೇನು? ಕುಸಿದದ್ದು ಎಲ್ಲೋ ಮೇಲಿನ ಗುಡ್ಡ. ಮಣ್ಣು, ಬಂಡೆ, ಮರ ಹೊಳೆಯ ದಾರಿ ಹಿಡಿದು ಮೈಲಿಗಟ್ಟಲೆ ಇಳಿದು ಮಲಗಿದ್ದವರನ್ನು ಕೊಚ್ಚಿಕೊಂಡು ಹೋಯಿತು. ಇನ್ನೂರಕ್ಕೂ ಮಿಕ್ಕಿ ಜನ ಸತ್ತರು. ಬೇಸಿಗೆಯಲ್ಲಿ ಹಾರಿ ದಾಟುವ ತೋಡು ಮಳೆಗಾಲದಲ್ಲೂ ತೋಡಾಗಿಯೇ ಇರುತ್ತದೆ ಅಂತ ನಂಬಬೇಡಿ.

ಬ್ರೋಕರುಗಳು ಮನೆ ತೋರಿಸೋದು ಕಾಫಿ ಹೂವಿನ ಕಾಲದಲ್ಲಿ. ಘಮ್ಮೆನ್ನುವಾಗ ಬಿರುಕು ಯಾರ ಕಣ್ಣಿಗೆ ಬೀಳುತ್ತೆ? ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಇದೆ. ಬೇಸಿಗೆಯಲ್ಲಿ ಹತ್ತಿರದ ಬೆಟ್ಟವೂ ನುಣ್ಣಗೇ. ಜುಲೈನಲ್ಲಿ, ಮಳೆ ಹೊಡೆಯುವಾಗ ಕೊಡೆ ಹಿಡಿದು ಹೋಗಿ. ಬರೆಯಿಂದ ಹೊಸದಾಗಿ ಒರತೆ ಒಡೆದಿದೆಯೇ? ಕೆಂಪು ನೀರು ಬರುತ್ತಿದೆಯೇ? ಮರ, ಕರೆಂಟು ಕಂಬ ವಾಲಿವೆಯೇ? ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದೆಯೇ? ಬಿರುಕಿಗೆ ಹೊಸ ಸಿಮೆಂಟು ಮೆತ್ತಿ ಸುಣ್ಣ ಬಳಿದಿದ್ದಾರೆಯೇ? ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಬರುವ ಕಿಂಡಿಗಳಿವೆಯೇ? ಕಿಂಡಿಯಿಲ್ಲದ ಗೋಡೆ ಹಿಂದೆ ನೀರು ನಿಂತರೆ, ತಡೆಯಬೇಕಾದ ಗೋಡೆಯೇ ಮೊದಲು ಮಲಗುತ್ತದೆ. ಆಮೇಲೆ ಪಕ್ಕದ ಮನೆಯ ಅಜ್ಜಿಯನ್ನು ಕೇಳಿ, 2018ರಲ್ಲಿ ಆ ರಾತ್ರಿ ಎಲ್ಲಿ ಮಲಗಿದ್ದಿರಿ ಅಂತ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇರೊಂದಿಲ್ಲ.

ಕಾಗದ ಪತ್ರದ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಇ.ಸಿ. ತೆಗೆಸಿ, ಭೂಪರಿವರ್ತನೆ ಆಗಿದೆಯೋ ನೋಡಿ, ಜಮ್ಮಾ ಜಾಗವಾದರೆ ಕುಟುಂಬದವರೆಲ್ಲರ ಒಪ್ಪಿಗೆ ವಿಚಾರಿಸಿ. ಆದರೆ ಇಷ್ಟೆಲ್ಲ ಸರಿಯಿದ್ದ ಮಾತ್ರಕ್ಕೆ ಗುಡ್ಡ ಸರಿಯಿದೆ ಅಂತ ಅಲ್ಲ. ಆರ್.ಟಿ.ಸಿ.ಯಲ್ಲಿ ಬರೆಗೆ ಕಾಲಮ್ಮಿಲ್ಲ!

ನಮ್ಮ ತಕರಾರು ಇರುವುದು ಇಲ್ಲಿಯೇ. ಕೊಳ್ಳುವವನೇ ಎಂಜಿನಿಯರೂ ಆಗಬೇಕು, ಭೂವಿಜ್ಞಾನಿಯೂ ಆಗಬೇಕು ಅಂದರೆ ನಗರಸಭೆ, ಪಂಚಾಯಿತಿಗಳು ಇರುವುದು ಏತಕ್ಕೆ? ಕುಸಿತದ ಸಾಧ್ಯತೆ ತೋರಿಸುವ ನಕ್ಷೆಗಳನ್ನು ಸರ್ವೇಕ್ಷಣೆಯವರು ಮಾಡಿಟ್ಟಿದ್ದಾರೆ. ಒಂದೊಂದು ಮನೆಯ ಹಣೆಬರಹ ಅದರಲ್ಲಿ ಕಾಣದು, ಯಾವ ಗುಡ್ಡ ಅಪಾಯದ್ದು ಎಂಬುದಾದರೂ ಕಾಣುತ್ತದೆ. ಅದನ್ನು ಕನ್ನಡದಲ್ಲಿ ಬರೆಸಿ ಪ್ರತಿ ಪಂಚಾಯಿತಿ ಕಚೇರಿಯ ಗೋಡೆಗೆ ತೂಗುಹಾಕಲಿ. ಇಳಿಜಾರಿನಲ್ಲಿ ಮನೆಗೆ ಲೈಸೆನ್ಸು ಕೊಡುವ ಮೊದಲು ಬರೆಯ ಎತ್ತರ, ನೀರು ಹರಿಯುವ ದಾರಿ ಎರಡನ್ನೂ ಸ್ಥಳಕ್ಕೆ ಹೋಗಿ ಬರೆದುಕೊಳ್ಳಲಿ. ಆ ಕಾಗದ ಕೊಳ್ಳುವವನ ಕೈಗೂ ಸಿಗಲಿ.

ಇನ್ನೊಂದು ಮಾತು. ಗುಡ್ಡದ ಅಂಚಿನಲ್ಲಿ ಮನೆ ಕಟ್ಟಿದವರೆಲ್ಲ ಕಣಿವೆಯ ಅಂದ ನೋಡೋಕೆ ಕಟ್ಟಿದವರಲ್ಲ. ತಟ್ಟು ಜಾಗ ಕೈಗೆಟುಕದೆ ಅಲ್ಲಿಗೆ ಹೋದ ಕೂಲಿಯವರು, ಆಟೋದವರು, ಅಂಗಡಿ ಹುಡುಗರು ಇದ್ದಾರೆ. ಅವರಿಗೆ "ಅಲ್ಲಿ ಯಾಕೆ ಕಟ್ಟಿದ್ರಿ?" ಅಂತ ಬೈಯುವುದು ಸುಲಭ. ಬೇರೆ ಜಾಗ ತೋರಿಸುವುದು ಸರ್ಕಾರದ ಕೆಲಸ.

ನಮ್ಮ ವ್ಯಾಪಾರಿಗಳು ಮರುದಿನವೇ ಹೋಗಿ ಹಿತ್ತಲ ಬಾಗಿಲು ತೆರೆದು ನೋಡಿದರಂತೆ. ಬರೆ ಮನೆಯ ಸೂರಿಗಿಂತ ಎತ್ತರ, ಮೇಲೆ ಒಂದು ಸಿಲ್ವರ್ ಮರ ಮುಂದಕ್ಕೆ ಬಾಗಿದೆ. ಮುಂಗಡದ ದುಡ್ಡು ಜೇಬಿನಲ್ಲೇ ವಾಪಸು ಬಂತು. ಅವರ ಪುಣ್ಯ. ಆದರೆ ಆ ಮನೆ ಇನ್ನೂ ಮಾರಾಟಕ್ಕಿದೆ.